ಹಬೀಬ್, ಮಹಮ್ಮದ್ (1949–2023)

ಹೈದರಾಬಾದಿನಲ್ಲಿ ಜನಿಸಿ, ಕಲ್ಕತ್ತೆಯ ಮೈದಾನದಲ್ಲಿ ಹದಿನೆಂಟು ವರ್ಷಗಳ ಕಾಲ ಆಡಿ, ಆ ನಗರದ ಮೂರು ಮಹಾಸಂಘಗಳಾದ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್‌ಗಳ ಅಂಗಿಯನ್ನು ಒಮ್ಮೆಯಲ್ಲ, ಹಲವು ಸಲ ತೊಟ್ಟು, ಕಳಚಿ, ಮರಳಿ ತೊಟ್ಟ ಪ್ರಸಿದ್ಧ ಭಾರತೀಯ ಕಾಲ್ಚೆಂಡಾಟಗಾರ. ಜನನ 1949ರ ಜುಲೈ 17. ನಿಧನ 2023ರ ಆಗಸ್ಟ್ 15. ಮುಂಪಂಕ್ತಿಯಲ್ಲಿ ಆಡುತ್ತಿದ್ದ ಇವರನ್ನು ಬಂಗಾಳದ ಪ್ರೇಕ್ಷಕರು ‘ಬಡೇ ಮಿಯಾ’ ಎಂದು ಪ್ರೀತಿಯಿಂದ ಕರೆದರು. ತಮ್ಮನಾದ ಅಕ್ಬರನೂ ಅದೇ ಮೈದಾನಕ್ಕೆ ಬಂದ ಮೇಲೆ ಆತ ‘ಛೋಟೇ ಮಿಯಾ’ ಎನಿಸಿಕೊಂಡ. ಪದೇ ಪದೇ ಪಕ್ಷ ಬದಲಿಸುವವನು ಯಾವ ಪಕ್ಷಕ್ಕೂ ಸಲ್ಲನೆಂಬುದು ಲೋಕದ ತೀರ್ಪು. ಆ ತೀರ್ಪು ಹಬೀಬರ ವಿಷಯದಲ್ಲಿ ಹುಸಿಯಾಯಿತು. ಆಟವನ್ನೇ ಜೀವನೋಪಾಯವೆಂದು ಆರಿಸಿಕೊಂಡು, ಅನ್ಯ ಉದ್ಯೋಗದ ಆಸರೆಯನ್ನು ಬೇಡವೆಂದು ಬಿಟ್ಟು ಬಾಳಿದ ಈ ಆಟಗಾರನನ್ನು ಭಾರತದ ಮೊದಲನೆಯ ನಿಜವಾದ ವೃತ್ತಿನಿರತ ಕಾಲ್ಚೆಂಡಾಟಗಾರನೆಂದು ಕರೆಯುವುದುಂಟು. ಇವರ ಸಂಘಾಂತರಗಳನ್ನೆಲ್ಲ ಆ ದೃಷ್ಟಿಯಿಂದಲೇ ನೋಡಬೇಕು.

ಕಾಲ್ಚೆಂಡಾಟವು ದಕ್ಷಿಣ ಭಾರತದಲ್ಲಿ ಬೇರೂರಿದ್ದು ದಂಡಿನ ಮೂಲಕ. ಬ್ರಿಟಿಷ್ ಸೈನ್ಯದಲ್ಲಿ, ಅದರಲ್ಲಿಯೂ ಸ್ಕಾಟ್ಲೆಂಡಿನ ರೆಜಿಮೆಂಟುಗಳಲ್ಲಿ, ಈ ಆಟದ ಆಸಕ್ತಿ ವಿಶೇಷವಾಗಿದ್ದಿತು. 1888ರಲ್ಲಿ ಸಿಮ್ಲೆಯಲ್ಲಿ ಮೊತ್ತಮೊದಲು ನಡೆದ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಎದುರುಬದುರಾಗಿ ನಿಂತ ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಮತ್ತು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎರಡೂ ಆ ದೇಶದ ಪಡೆಗಳೇ. ಸೈನಿಕರು ಬೀಡುಬಿಟ್ಟ ಊರುಗಳಲ್ಲಿ, ಕವಾಯತು ಬಯಲಿನ ಅಂಚಿನಲ್ಲಿ ನಿಂತು ನೋಡಿದ ಹುಡುಗರೇ ಮುಂದಿನ ತಲೆಮಾರಿನ ಆಟಗಾರರಾದರು. ಬೆಂಗಳೂರು ಮತ್ತು ಸಿಕಂದರಾಬಾದಿನ ದಂಡುಪ್ರದೇಶಗಳಿಗೆ ಭಾರತದ ಕಾಲ್ಚೆಂಡಾಟದಲ್ಲಿ ದೊರೆತ ಸ್ಥಾನದ ಮೂಲ ಅಲ್ಲಿದೆ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನ ‘ಬೆಂಗಳೂರ್ ಮುಸ್ಲಿಮ್ಸ್’ ಎಂಬುದನ್ನು ಕನ್ನಡಿಗರು ಮರೆಯಬಾರದು. ಮರುವರ್ಷವೂ ಆ ಕಪ್ಪು ಬೆಂಗಳೂರಿಗೇ ಬಂದಿತು.

ಹೈದರಾಬಾದಿನ ಕಥೆ ಬೆಂಗಳೂರಿನದಕ್ಕಿಂತ ಭಿನ್ನವಾದುದು ಒಬ್ಬ ಉಪಾಧ್ಯಾಯರಿಂದ. ಸೈಯದ್ ಅಬ್ದುಲ್ ರಹೀಂ (1909–1963) ಕಾಚಿಗುಡ, ಚಾದರ್‌ಘಾಟ್ ಮೊದಲಾದ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾಗಿ, ಕೊನೆಗೆ ಭಾರತ ತಂಡದ ಗುರುಗಳಾಗಿ, ಸಾಯುವ ತನಕವೂ ಆ ಆಟಕ್ಕೆ ದುಡಿದರು. ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಒಂದು ವರ್ಷವೂ ತಪ್ಪದೆ ಐದು ಸಲ ರೋವರ್ಸ್ ಕಪ್ಪನ್ನು ಗೆದ್ದದ್ದು ಅವರ ಶಿಕ್ಷಣದ ಫಲ; ಭಾರತವು 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಸ್ವರ್ಣಪದಕವನ್ನು ಪಡೆದದ್ದೂ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದ್ದೂ ಅವರ ಕಾಲದಲ್ಲಿಯೇ. ಆದರೆ ಪದಕಗಳಿಗಿಂತ ಹೆಚ್ಚಾಗಿ ನೆನೆಯತಕ್ಕುದು ಅವರು ಮಕ್ಕಳಿಗೆ ಏರ್ಪಡಿಸುತ್ತಿದ್ದ ಪಂದ್ಯಗಳನ್ನು. ಚೆಂಡನ್ನು ಕಾಲಿನಲ್ಲಿಯೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಾವಳಿ ಒಂದಾದರೆ, ಬಲಗಾಲಿನ ಹುಡುಗನು ಎಡಗಾಲಿನಿಂದಲೇ, ಎಡಗಾಲಿನವನು ಬಲಗಾಲಿನಿಂದಲೇ ಆಡಬೇಕಾದ ಪಂದ್ಯಾವಳಿ ಮತ್ತೊಂದು. ಗೊತ್ತಾದ ಎತ್ತರವನ್ನು ಮೀರಿದವರಿಗೆ ಪ್ರವೇಶವಿಲ್ಲದ ಪಂದ್ಯಾವಳಿ ಮೂರನೆಯದು. ಮೊದಲನೆಯದರಲ್ಲಿ ಚೆಂಡನ್ನು ಜೊತೆಗಾರನಿಗೆ ತಡಮಾಡದೆ ದಾಟಿಸುವುದನ್ನೂ, ಎರಡನೆಯದರಲ್ಲಿ ಎರಡು ಕಾಲುಗಳನ್ನೂ ಸಮನಾಗಿ ಬಳಸುವುದನ್ನೂ ಕಲಿತ ಬಾಲಕರಲ್ಲಿ, ಗಿಡ್ಡರೆಂಬ ಕಾರಣದಿಂದ ಹಿಂದೆ ಉಳಿಯಬೇಕಾದವರೂ ಮೂರನೆಯದರಿಂದ ಬೆಳಕಿಗೆ ಬಂದರು. ರಹೀಂ ಸಾಹೇಬರು ಕಾಲವಾದಾಗ ಹಬೀಬರಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಆದರೂ ಆ ಊರಿನ ಬಯಲುಗಳಲ್ಲಿ ಆಡುತ್ತಿದ್ದವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ರಹೀಮರ ಶಿಷ್ಯರೇ ಆಗಿದ್ದುದರಿಂದ, ಹಬೀಬರ ಆಟದಲ್ಲಿ ಕಂಡ ಲಾಘವಕ್ಕೂ ಪರಸ್ಪರಾವಲಂಬನಕ್ಕೂ ಮೂಲವನ್ನು ಆ ಪರಂಪರೆಯಲ್ಲಿಯೇ ಅರಸಬೇಕು.

ಈ ಪರಂಪರೆಯ ಮುಂಪಂಕ್ತಿಯವರಲ್ಲಿ ಹಬೀಬರಿಗಿಂತ ಮೊದಲು ಕಲ್ಕತ್ತೆಗೆ ಹೋಗಿ ಹೆಸರಾದವರು ಸಿಕಂದರಾಬಾದಿನ ಅಮ್ಮುಗುಡದ ತುಲಸೀದಾಸ್ ಬಲರಾಮ್. ಬಡ ಕುಟುಂಬದ ಈ ತರುಣನಿಗೆ ಅಭ್ಯಾಸದ ಸ್ಥಳಕ್ಕೆ ಬಂದುಹೋಗುವ ಅನುಕೂಲವೂ ಇರಲಿಲ್ಲವಾಗಿ, ಬಾಡಿಗೆ ಸೈಕಲ್ಲಿಗೆ ಬೇಕಾದ ಹಣವನ್ನು ರಹೀಮರೇ ಕೊಟ್ಟು ಕರೆಸಿಕೊಂಡರೆಂಬುದು ಪ್ರಸಿದ್ಧ ಸಂಗತಿ. ಹಾಗೆ ಬಂದವರು ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋದರು. 1957ರಲ್ಲಿ ಈಸ್ಟ್ ಬೆಂಗಾಲನ್ನು ಸೇರಿದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಬಲಿಷ್ಠ ಹಂಗೆರಿಯ ಮೇಲೊಂದು, ಪೆರುವಿನ ಮೇಲೊಂದು ಗೋಲು ಹೊಡೆದರು. ಜಕಾರ್ತದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಚುನಿ ಗೋಸ್ವಾಮಿ, ಪಿ. ಕೆ. ಬ್ಯಾನರ್ಜಿಯವರೊಡನೆ ಮುಂಪಂಕ್ತಿಯ ತ್ರಿಮೂರ್ತಿಗಳಲ್ಲಿ ಒಬ್ಬರಾಗಿದ್ದರು. ಶ್ವಾಸಕೋಶದ ವ್ಯಾಧಿ ಆಟವನ್ನು ಅಕಾಲದಲ್ಲಿ ನಿಲ್ಲಿಸದಿದ್ದರೆ ಬಲರಾಮರ ಸಾಧನೆ ಇನ್ನೆಷ್ಟು ದೂರ ಹೋಗುತ್ತಿದ್ದಿತೋ ಹೇಳಲಾಗದು. ಅವರು 1963ರಲ್ಲಿ ಆಟದಿಂದ ನಿವೃತ್ತರಾದರು. ಅದೇ ವರ್ಷ ರಹೀಮರೂ ತೀರಿಕೊಂಡರು. ಹೈದರಾಬಾದಿನ ಕಾಲ್ಚೆಂಡಾಟದ ಮಧ್ಯಾಹ್ನ ಅಲ್ಲಿಗೆ ಮುಗಿಯಿತೆಂದು ಇತಿಹಾಸಕಾರರು ಬರೆಯುವುದು ವಾಡಿಕೆಯಾದರೂ, ಅಪರಾಹ್ನದ ಬಿಸಿಲೂ ಸಾಮಾನ್ಯವಾಗಿರಲಿಲ್ಲ: 1965–66ರಲ್ಲಿ ಆಂಧ್ರಪ್ರದೇಶವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದಾದ ಮೇಲೆ ಕಲ್ಕತ್ತೆಯ ಗಾಡಿ ಹತ್ತಿದವರಲ್ಲಿ ಸೈಯದ್ ನಯೀಮುದ್ದೀನರೂ ಹಬೀಬರೂ ಮುಖ್ಯರು.

ದಕ್ಷಿಣದ ಆಟಗಾರರು ಏಕೆ ಅಷ್ಟು ದೂರ ಹೋಗುತ್ತಿದ್ದರೆಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಹೈದರಾಬಾದಿನಲ್ಲಿ ಆಟಗಾರನಿಗೆ ದೊರೆಯುತ್ತಿದ್ದುದು ಪೊಲೀಸ್ ಇಲಾಖೆಯ ಕೆಲಸ, ಬೆಂಗಳೂರಿನಲ್ಲಿ ಕಾರ್ಖಾನೆಯ ಕೆಲಸ. ಕಲ್ಕತ್ತೆಯಲ್ಲಿ ದೊರೆಯುತ್ತಿದ್ದುದು ಲಕ್ಷಾಂತರ ಜನರ ಆರಾಧನೆ, ಅದರ ಜೊತೆಗೆ ಹಣ. 1934ರಿಂದ 1938ರವರೆಗೆ ಐದು ವರ್ಷ ಸತತವಾಗಿ ಕಲ್ಕತ್ತಾ ಲೀಗನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವು ದೇಶದ ನಾನಾ ಕಡೆಗಳಿಂದ ಆಟಗಾರರನ್ನು ಕೂಡಿಸಿದ ಮೊದಲ ಸಂಘ. ಅದರಲ್ಲಿ ಬೆಂಗಳೂರಿನವರೂ ಇದ್ದರು. ಅನಂತರ ಈಸ್ಟ್ ಬೆಂಗಾಲಿನ ಕಾರ್ಯದರ್ಶಿ ಜ್ಯೋತಿಷ್ ಗುಹ ದಕ್ಷಿಣದ ಪಟ್ಟಣಗಳನ್ನು ಜಾಲಾಡಿ ಕಟ್ಟಿದ ಮುಂಪಂಕ್ತಿಗೆ ‘ಪಂಚಪಾಂಡವರು’ ಎಂಬ ಹೆಸರೇ ನಿಂತಿತು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಮತ್ತು ಬೆಂಗಳೂರಿನ ಅಹಮದ್ ಖಾನ್. ಬರಿಗಾಲಿನಲ್ಲಿ ಆಡಿ, ಚೆಂಡನ್ನು ಹಾವಾಡಿಗನಂತೆ ಕುಣಿಸುತ್ತಿದ್ದ ಅಹಮದ್ ಖಾನರು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಆಡಿ, ಸುಮಾರು ಒಂದು ದಶಕವನ್ನು ಕಲ್ಕತ್ತೆಯಲ್ಲಿ ಒಂದೇ ಸಂಘದಲ್ಲಿ ಕಳೆದರು. ಹಬೀಬರು ಅದೇ ಹಾದಿಯಲ್ಲಿ ಹೋದವರಾದರೂ ಅವರ ನಡೆ ಬೇರೆಯಾಯಿತು.

ಕಾಲ್ಚೆಂಡಾಟದ ಮನೆತನದಲ್ಲಿ ಹುಟ್ಟಿದವರು ಹಬೀಬ್. ಸಹೋದರರಲ್ಲಿ ಹಲವರು ಆಟಗಾರರು. 1966ರಲ್ಲಿ, ಮೀಸೆ ಇನ್ನೂ ಮೂಡುತ್ತಿದ್ದ ವಯಸ್ಸಿನಲ್ಲಿ, ಈಸ್ಟ್ ಬೆಂಗಾಲಿನ ಕೆಂಪು-ಹೊಂಬಣ್ಣದ ಅಂಗಿಯನ್ನು ತೊಟ್ಟರು. ಅದಕ್ಕೆ ಹಿಂದಿನ ನಾಲ್ಕು ವರ್ಷಗಳ ಲೀಗ್ ಪದವಿಯೆಲ್ಲ ಮೋಹನ್ ಬಗಾನಿನದಾಗಿದ್ದಿತು. ಆ ಸಲ ಈಸ್ಟ್ ಬೆಂಗಾಲ್ ಲೀಗನ್ನೂ ಬಂಗಾಳದ ಕಾಲ್ಚೆಂಡು ಸಂಸ್ಥೆಯ (ಐ.ಎಫ್.ಎ.) ಶೀಲ್ಡನ್ನೂ ಒಟ್ಟಿಗೆ ಗೆದ್ದಿತು. 1968ರಲ್ಲಿ ಇವರು ಮೋಹನ್ ಬಗಾನಿಗೆ ಹೋದರು. 1969ರಲ್ಲಿ ಲೀಗು, ಶೀಲ್ಡು ಎರಡೂ ಮೋಹನ್ ಬಗಾನಿನ ಪಾಲಾದವು. 1970ರಲ್ಲಿ ಹಳೆಯ ಸಂಘಕ್ಕೆ ಮರಳಿ, 1974ರವರೆಗೆ ಅಲ್ಲಿದ್ದರು. 1975ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್, 1976ರಿಂದ 1978ರವರೆಗೆ ಮೋಹನ್ ಬಗಾನ್, 1979ರಲ್ಲಿ ಪುನಃ ಮೊಹಮ್ಮಡನ್ ಸ್ಪೋರ್ಟಿಂಗ್, 1980–81ರಲ್ಲಿ ಈಸ್ಟ್ ಬೆಂಗಾಲ್, 1982ರಿಂದ 1984ರವರೆಗೆ ಮತ್ತೆ ಮೋಹನ್ ಬಗಾನ್.

ಹಬೀಬರ ಮೈಕಟ್ಟು ದೊಡ್ಡದಲ್ಲ. ಎತ್ತರದ ಬ್ಯಾಕುಗಳ ನಡುವೆ ತಲೆಯಿಂದ ಚೆಂಡನ್ನು ಕಸಿದುಕೊಳ್ಳುವ ಆಳ್ತನವಾಗಲಿ, ದೂರದಿಂದ ಬಿರುಸಾಗಿ ಹೊಡೆದು ಗೋಲಿಯನ್ನು ಬೆಚ್ಚಿಸುವ ಭೀಮಬಲವಾಗಲಿ ಅವರಲ್ಲಿರಲಿಲ್ಲ. ಇದ್ದುದು ದಣಿವರಿಯದ ಓಟ, ಚೆಂಡು ಎಲ್ಲಿ ಬೀಳುವುದೆಂಬುದನ್ನು ಇತರರಿಗಿಂತ ಒಂದು ಕ್ಷಣ ಮೊದಲೇ ಅರಿಯುವ ಬುದ್ಧಿ, ಮತ್ತು ಸೋಲನ್ನು ಕೊನೆಯ ಸೀಟಿಯವರೆಗೂ ಒಪ್ಪದ ಛಲ. ಮುಂಪಂಕ್ತಿಯವನು ಗೋಲಿನ ಮುಂದೆ ಚೆಂಡಿಗಾಗಿ ಕಾದುನಿಲ್ಲುವುದೇ ರೂಢಿಯಾಗಿದ್ದ ದಿನಗಳಲ್ಲಿ ಇವರು ತಮ್ಮ ಅರ್ಧಭಾಗಕ್ಕೆ ಇಳಿದು ಬಂದು, ಎದುರಾಳಿಯ ಕಾಲಿನಿಂದ ಚೆಂಡನ್ನು ಬಿಡಿಸಿಕೊಂಡು, ಅದನ್ನು ಮುಂದಕ್ಕೆ ಕಳುಹಿಸಿ, ಕಳುಹಿಸಿದ ಚೆಂಡಿನ ಹಿಂದೆಯೇ ತಾವೂ ಓಡಿ, ಮತ್ತೆ ಗೋಲಿನೆದುರು ಪ್ರತ್ಯಕ್ಷರಾಗುತ್ತಿದ್ದರು. ತಂಡದ ಕಿರಿಯರಿಗೆ ಇವರ ಗದರಿಕೆ ಎಂದರೆ ಭಯ. ಆದರೆ ಆ ಗದರಿಕೆಗೆ ಅಧಿಕಾರವಿದ್ದದ್ದು, ಗದರಿಸುವವನು ಎಲ್ಲರಿಗಿಂತ ಹೆಚ್ಚು ಓಡುತ್ತಿದ್ದನೆಂಬ ಕಾರಣಕ್ಕೆ. ಮುಂಪಂಕ್ತಿಯವನ ಯೋಗ್ಯತೆಯನ್ನು ಗೋಲುಗಳ ಎಣಿಕೆಯಿಂದಲೇ ಅಳೆಯುವವರಿಗೆ ಹಬೀಬರ ಬೆಲೆ ಪೂರ್ತಿಯಾಗಿ ತಿಳಿಯದು. ಅವರಿದ್ದ ತಂಡಗಳು ಗೆದ್ದದ್ದನ್ನು ನೋಡಬೇಕು.

ಹಾಗೆ ನೋಡಿದರೆ 1970ರಿಂದ 1974ರವರೆಗಿನ ಕಾಲ ಅಪೂರ್ವವಾದುದು. ಈಸ್ಟ್ ಬೆಂಗಾಲ್ 1970ರಿಂದ ಆರು ವರ್ಷ ಸತತವಾಗಿ ಲೀಗ್ ಗೆದ್ದಿತು; ಅವುಗಳಲ್ಲಿ ಮೊದಲ ಐದು ವರ್ಷ ಹಬೀಬರು ಆ ತಂಡದಲ್ಲಿದ್ದರು. 1970ರ ಶೀಲ್ಡಿನ ಅಂತಿಮ ಪಂದ್ಯದಲ್ಲಿ ಇರಾಣದ ಪಾಸ್ ಟೆಹರಾನ್ ತಂಡವನ್ನು ಪರಿಮಳ್ ಡೇ ಹೊಡೆದ ಏಕೈಕ ಗೋಲಿನಿಂದ ಸೋಲಿಸಿದ ಸಂಜೆ ಈಡನ್ ಗಾರ್ಡನ್ಸಿನಲ್ಲಿ ಮೂಡಿದ ಉತ್ಸಾಹವನ್ನು ಕಲ್ಕತ್ತೆಯ ಹಿರಿಯರು ಬಹುಕಾಲ ನೆನೆದರು. 1972ರಲ್ಲಿ ಪಿ. ಕೆ. ಬ್ಯಾನರ್ಜಿ ತರಬೇತುದಾರರಾಗಿ ಬಂದರು. ಬ್ಯಾನರ್ಜಿಯವರು ರಹೀಮರ ಕೈಕೆಳಗೆ ಆಡಿದವರಾದುದರಿಂದ, ಹೈದರಾಬಾದಿನ ವಿದ್ಯೆಯು ಬಂಗಾಳದ ಗುರುವಿನ ಮೂಲಕ ಹೈದರಾಬಾದಿನ ಶಿಷ್ಯನನ್ನು ಮರಳಿ ತಲುಪಿತೆಂದು ಹೇಳಬಹುದು. ಆ ವರ್ಷ ಶೀಲ್ಡು, ಡ್ಯುರಾಂಡ್, ರೋವರ್ಸ್ ಮೂರೂ ಈಸ್ಟ್ ಬೆಂಗಾಲಿಗೆ ಬಂದವು. 1973ರಲ್ಲಿ ಉತ್ತರ ಕೊರಿಯದ ಪ್ಯಾಂಗ್ಯಾಂಗ್ ತಂಡವನ್ನು ಶೀಲ್ಡಿನ ಅಂತಿಮ ಪಂದ್ಯದಲ್ಲಿ 3–1ರಿಂದ ಸೋಲಿಸಿದ್ದು ಇದೇ ಪಂಕ್ತಿಯ ಮತ್ತೊಂದು ವಿಜಯ.

ಕನ್ನಡಿಗರಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿ ಸೇರಿಸಬೇಕು. ಸಂತೋಷ್ ಟ್ರೋಫಿಯಲ್ಲಿ 1967–68ರಲ್ಲಿಯೂ 1968–69ರಲ್ಲಿಯೂ ಮೈಸೂರು ತಂಡವು ಅಂತಿಮ ಪಂದ್ಯದಲ್ಲಿ ಬಂಗಾಳವನ್ನೇ ಸೋಲಿಸಿ ಗೆದ್ದಿದ್ದಿತು. ಎರಡು ವರ್ಷದ ಆ ಅವಮಾನವನ್ನು ತೊಡೆಯಲು 1969ರಲ್ಲಿ ಬಂಗಾಳವು ಕಟ್ಟಿದ ತಂಡದಲ್ಲಿ ಹಬೀಬರಿದ್ದರು. ಹನ್ನೊಂದು ಗೋಲು ಹೊಡೆದು ಪಂದ್ಯಾವಳಿಯಲ್ಲಿಯೇ ಎಲ್ಲರಿಗಿಂತ ಮುಂದೆ ನಿಂತರು, ಅವುಗಳಲ್ಲಿ ಐದು ಸರ್ವಿಸಸ್ ತಂಡದ ವಿರುದ್ಧ ನಡೆದ ಅಂತಿಮ ಪಂದ್ಯವೊಂದರಲ್ಲಿಯೇ. ಮೈಸೂರಿನಿಂದ ಕೈತಪ್ಪಿದ ಟ್ರೋಫಿ ಬಂಗಾಳಕ್ಕೆ ಮರಳಿದ್ದು ಹೀಗೆ, ಹೈದರಾಬಾದಿನವನೊಬ್ಬನ ಕಾಲಿನಿಂದ.

1976ರಲ್ಲಿ ಹಬೀಬರೂ ಅಕ್ಬರರೂ ಒಟ್ಟಿಗೆ ಮೋಹನ್ ಬಗಾನನ್ನು ಸೇರಿದರು. ಆರು ವರ್ಷ ಲೀಗ್ ಕಾಣದೆ ಕಂಗೆಟ್ಟಿದ್ದ ಸಂಘವದು. ಹಿಂದಿನ ವರ್ಷದ ಶೀಲ್ಡಿನಲ್ಲಿ ಪ್ರತಿಸ್ಪರ್ಧಿ ಈಸ್ಟ್ ಬೆಂಗಾಲಿಗೆ ಐದು ಗೋಲುಗಳಿಂದ ಸೋತ ಗಾಯ ಇನ್ನೂ ಮಾದಿರಲಿಲ್ಲ. ಜುಲೈ 24ರಂದು ಎರಡು ತಂಡಗಳೂ ಲೀಗಿನಲ್ಲಿ ಎದುರಾದುವು. ಆಟ ಆರಂಭವಾಗಿ ಪ್ರೇಕ್ಷಕರು ಸ್ಥಾನದಲ್ಲಿ ನೆಟ್ಟಗೆ ಕುಳಿತುಕೊಳ್ಳುವ ಮುನ್ನವೇ, ಬೆಂಗಳೂರಿನಿಂದ ಬಂದಿದ್ದ ಉಲಗನಾಥನ್ ಪಾರ್ಶ್ವದಿಂದ ತೇಲಿಬಿಟ್ಟ ಚೆಂಡಿಗೆ ಅಕ್ಬರ್ ತಲೆಕೊಟ್ಟರು. ಸೀಟಿ ಊದಿ ಹದಿನೇಳು ಸೆಕೆಂಡುಗಳಾಗಿದ್ದವು. ಉಳಿದ ಇಡೀ ಆಟದಲ್ಲಿ ಇನ್ನೊಂದು ಗೋಲು ಆಗಲಿಲ್ಲ. ಈ ಎರಡು ಸಂಘಗಳ ಹೋರಾಟದಲ್ಲಿ ಅತಿ ಶೀಘ್ರದ ಗೋಲೆಂದು ಪ್ರಸಿದ್ಧವಾದ ಇದನ್ನು ಹೊಡೆದವರು ತಮ್ಮನಾದರೂ, ಆ ಒಂದು ಗೋಲನ್ನು ಸುಮಾರು ಎಪ್ಪತ್ತು ನಿಮಿಷ ಕಾಯುವ ಕಷ್ಟದಲ್ಲಿ ಅಣ್ಣನ ಪಾಲು ದೊಡ್ಡದು. ಆ ವರ್ಷದ ಲೀಗ್ ಮೋಹನ್ ಬಗಾನಿಗೆ ಒಲಿಯಿತು.

ಇವರ ಕ್ರೀಡಾಜೀವನದಲ್ಲಿ ಒಂದು ದಿನವನ್ನು ಮಾತ್ರ ಹೆಸರಿಸಬೇಕೆಂದರೆ ಅದು 1977ರ ಸೆಪ್ಟೆಂಬರ್ 24. ಅಮೆರಿಕದ ನ್ಯೂಯಾರ್ಕ್ ಕಾಸ್ಮಾಸ್ ತಂಡವು ಆ ದಿನ ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಗಾನಿನ ಎದುರು ಆಡಿತು. ಆ ತಂಡದಲ್ಲಿದ್ದವರು ಸಾಮಾನ್ಯರಲ್ಲ: 1970ರ ವಿಶ್ವಕಪ್ ಗೆದ್ದ ಬ್ರೆಜಿಲಿನ ನಾಯಕ ಕಾರ್ಲೋಸ್ ಆಲ್ಬರ್ಟೊ, ಇಟಲಿಯ ಕಿನಾಲ್ಯ, ಮತ್ತು ಆಟದಿಂದ ನಿವೃತ್ತಿ ಹೊಂದುವ ದಿನಗಳಲ್ಲಿದ್ದ ಪೆಲೆ. ಪೆಲೆಯನ್ನು ಕಣ್ಣಾರೆ ಕಾಣುವೆವೆಂದು ಕಲ್ಕತ್ತೆ ಕಲ್ಪಿಸಿಕೊಂಡಿದ್ದಿಲ್ಲ. ಮಳೆಯಿಂದ ತೊಯ್ದು ಕೆಸರಾದ ಅಂಕಣದ ಸುತ್ತ ಸಾವಿರ ಸಾವಿರ ಜನ ಕಿಕ್ಕಿರಿದರು. ಬಗಾನಿನ ಪಾಲಿಗೆ ಅದು ಗೌರವಪೂರ್ವಕವಾಗಿ ಸೋತರೂ ಸಾಕೆನ್ನಿಸಬಹುದಾದ ಪಂದ್ಯ. ಕಾರ್ಲೋಸ್ ಆಲ್ಬರ್ಟೊ ಮೊದಲ ಗೋಲು ಹೊಡೆದಾಗ ಹಾಗೆಯೇ ಆಗುವುದೆಂದು ತೋರಿತು. ಒಡನೆಯೇ ಶ್ಯಾಮ್ ಥಾಪಾ ಸರಿಗಟ್ಟಿಸಿದರು. ಮತ್ತೆ ಕೆಲವು ನಿಮಿಷಗಳಲ್ಲಿ ಹಬೀಬರ ಗೋಲು: ಭಾರತದ ಒಂದು ಸಂಘವು ಪೆಲೆಯ ತಂಡಕ್ಕಿಂತ ಮುಂದಾಯಿತು. ಉತ್ತರಾರ್ಧದಲ್ಲಿ ಕಿನಾಲ್ಯ ಪೆನಾಲ್ಟಿಯಿಂದ ಗೋಲು ಹೊಡೆದುದರಿಂದ ಪಂದ್ಯವು 2–2ರಲ್ಲಿ ಸಮವಾಗಿ ಮುಗಿಯಿತು. ಆ ಸಂಜೆ ಹಬೀಬರು ಪೆಲೆಯ ಅಭಿಮಾನಿಯಾಗಿ ಅಲ್ಲ, ಪೆಲೆಯ ಎದುರಾಳಿಯಾಗಿ ಆಡಿದರು. ಕೆಸರಿನಲ್ಲಿ ಜಾರುವ ಚೆಂಡಿನ ಹಿಂದೆ, ತಮಗಿಂತ ತಲೆಯೆತ್ತರದವರ ನಡುವೆ, ನಿಲ್ಲದೆ ಓಡಿದರು. ಪಂದ್ಯ ಮುಗಿದ ಮೇಲೆ ಪೆಲೆ ಇವರ ಆಟವನ್ನು ಮೆಚ್ಚಿಕೊಂಡರೆಂಬುದನ್ನು ಬಂಗಾಳವು ಇಂದಿಗೂ ಹೆಮ್ಮೆಯಿಂದ ಹೇಳುತ್ತದೆ. ಆ ಹುರುಪು ಅಲ್ಲಿಗೆ ನಿಲ್ಲಲಿಲ್ಲ. ಲೀಗಿನಲ್ಲಿ ಈಸ್ಟ್ ಬೆಂಗಾಲಿಗೆ ಸೋತಿದ್ದ ಮೋಹನ್ ಬಗಾನ್, ಅದೇ ಪ್ರತಿಸ್ಪರ್ಧಿಯನ್ನು ಶೀಲ್ಡಿನ ಅಂತಿಮ ಪಂದ್ಯದಲ್ಲಿ ಸೋಲಿಸಿ, ಡ್ಯುರಾಂಡ್ ಮತ್ತು ರೋವರ್ಸ್ ಕಪ್ಪುಗಳನ್ನೂ ಆ ವರ್ಷವೇ ಗೆದ್ದಿತು.

ಇನ್ನು ವೃತ್ತಿಯ ವಿಚಾರ. ಆ ಕಾಲದ ಭಾರತದಲ್ಲಿ ಕಾಲ್ಚೆಂಡಾಟಗಾರನು ನಿಯಮದ ಪ್ರಕಾರ ಹವ್ಯಾಸಿ. ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಬಂದರು ಕಚೇರಿಯಲ್ಲೋ ಅವನಿಗೊಂದು ಕುರ್ಚಿ ಇರುತ್ತಿತ್ತು. ತಿಂಗಳ ಸಂಬಳ ಅಲ್ಲಿಂದ, ಆಟದ ಹಣ ಸಂಘದಿಂದ. ಮುಪ್ಪಿನಲ್ಲಿ ಪಿಂಚಣಿ ತರುವ ಆ ಕುರ್ಚಿಯನ್ನು ಬೇಡವೆನ್ನುವ ಧೈರ್ಯ ಬಹುಮಂದಿಗೆ ಇರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಹಬೀಬರು ಬೇಡವೆಂದರು. ಕಚೇರಿಯ ಕೆಲಸಕ್ಕೆ ತೆತ್ತ ಸಮಯ ಆಟದಿಂದ ಕದ್ದ ಸಮಯವೆಂಬುದು ಅವರ ನಡೆಯಿಂದ ವ್ಯಕ್ತವಾಗುತ್ತಿದ್ದ ನಿಲುವು. ಬೆಳಗಿನ ಅಭ್ಯಾಸಕ್ಕೆ ಬರುವುದರಲ್ಲಿ, ಊಟ ನಿದ್ರೆಗಳ ನಿಯಮದಲ್ಲಿ, ಪಂದ್ಯದ ಹಿಂದಿನ ದಿನದ ಮೌನದಲ್ಲಿ ಇವರು ಪಾಲಿಸುತ್ತಿದ್ದ ಶಿಸ್ತು ಜೊತೆಯವರಿಗೆ ಕಠೋರವೆನಿಸುವಷ್ಟಿತ್ತು. ಹೀಗೆ ಬದುಕುವವನಿಗೆ ವರ್ಷಾರಂಭದ ಒಪ್ಪಂದವೇ ಅನ್ನದ ಮೂಲ. ಕಲ್ಕತ್ತೆಯಲ್ಲಿ ವರ್ಷಕ್ಕೊಮ್ಮೆ ಆಟಗಾರರು ಸಂಘ ಬದಲಿಸುವ ದಿನಗಳು ಬರುತ್ತಿದ್ದುವು, ಐ.ಎಫ್.ಎ. ಕಚೇರಿಗೆ ಬಂದು ರುಜು ಹಾಕುವವರೆಗೂ ಯಾರು ಯಾವ ಕಡೆಯೆಂದು ತಿಳಿಯದು. ಪ್ರಖ್ಯಾತ ಆಟಗಾರನನ್ನು ಎದುರು ಪಕ್ಷದವರ ಕಣ್ಣಿಗೆ ಬೀಳದಂತೆ ಅಡಗಿಸಿಡುವುದೂ ನಡೆಯುತ್ತಿದ್ದಿತು. ಈಸ್ಟ್ ಬೆಂಗಾಲ್ ಎಂದರೆ ಪದ್ಮಾನದಿಯ ಆಚೆಯಿಂದ ಮನೆಮಠ ಕಳೆದುಕೊಂಡು ಬಂದವರ ಅಭಿಮಾನ, ಮೋಹನ್ ಬಗಾನ್ ಎಂದರೆ ಹಳೆಯ ಕಲ್ಕತ್ತೆಯ ಅಭಿಮಾನ, ಮೊಹಮ್ಮಡನ್ ಸ್ಪೋರ್ಟಿಂಗ್ ಎಂದರೆ ನಗರದ ಮುಸಲ್ಮಾನರ ಅಭಿಮಾನ. ಒಂದರಿಂದ ಇನ್ನೊಂದಕ್ಕೆ ಹೋದವನನ್ನು ದ್ರೋಹಿ ಎನ್ನಲು ಪ್ರೇಕ್ಷಕರಿಗೆ ಹೊತ್ತು ಬೇಕಿರಲಿಲ್ಲ. ಹಬೀಬರು ಅಷ್ಟು ಸಲ ದಾಟಿಯೂ ಮೂರೂ ಕಡೆ ‘ಬಡೇ ಮಿಯಾ’ ಆಗಿಯೇ ಉಳಿದರು. ಕಾರಣ ಒಂದೇ: ಅಂಗಿ ಯಾವ ಬಣ್ಣದ್ದಾದರೂ ಅದರೊಳಗಿನ ದುಡಿತ ಬದಲಾಗಲಿಲ್ಲ. ಹಣ ಪಡೆದು ಆಡುವುದು ನಿಷ್ಠೆಗೆ ವಿರುದ್ಧವೆಂದು ಭಾವಿಸಿದ್ದ ಸಮಾಜಕ್ಕೆ, ವೃತ್ತಿಯ ನಿಷ್ಠೆಯೂ ನಿಷ್ಠೆಯೇ ಎಂಬುದನ್ನು ಇವರು ಮಾಡಿ ತೋರಿಸಿದರು.

1980ರ ಪ್ರಸಂಗ ಇದಕ್ಕೆ ಸಾಕ್ಷಿ. ಆ ವರ್ಷ ಈಸ್ಟ್ ಬೆಂಗಾಲಿನ ಆಟಗಾರರಲ್ಲಿ ಅನೇಕರು ಒಟ್ಟಾಗಿ ಸಂಘವನ್ನು ಬಿಟ್ಟುಹೋಗಿ, ತಂಡ ನಿಲ್ಲುವುದೇ ಕಷ್ಟವಾಗಿದ್ದಾಗ, ಮೂವತ್ತು ದಾಟಿದ ಹಬೀಬರು ಬಂದು ಸೇರಿದರು. ಇರಾಣದಿಂದ ಅಲಿಗಢಕ್ಕೆ ವಿದ್ಯಾರ್ಥಿಗಳಾಗಿ ಬಂದಿದ್ದ ಮಜೀದ್ ಬಿಸ್ಕರ್, ಜಮ್ಶೀದ್ ನಾಸ್ಸಿರಿಯವರೊಡನೆ ಆಡಿ, ಮುಳುಗುವುದೆಂದು ಎಲ್ಲರೂ ಎಣಿಸಿದ್ದ ತಂಡವನ್ನು ಫೆಡರೇಷನ್ ಕಪ್ಪಿನಲ್ಲಿ ಮೋಹನ್ ಬಗಾನಿನೊಡನೆ ಜಂಟಿ ವಿಜೇತರ ಸ್ಥಾನಕ್ಕೆ ಏರಿಸಲು ನೆರವಾದರು. ಆದರೆ ಅದೇ ವರ್ಷದ ಆಗಸ್ಟ್ 16ರಂದು ಈ ಎರಡು ತಂಡಗಳ ಪಂದ್ಯದಲ್ಲಿ ಈಡನ್ ಗಾರ್ಡನ್ಸಿನ ಪ್ರೇಕ್ಷಕಾಂಗಣದಲ್ಲಿ ನಡೆದ ಹೊಡೆದಾಟ ಮತ್ತು ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಪ್ರೇಕ್ಷಕರು ಪ್ರಾಣ ಕಳೆದುಕೊಂಡರು. ಅಭಿಮಾನವು ದ್ವೇಷವಾಗಿ ತಿರುಗಿದಾಗ ಏನಾಗುವುದೆಂಬುದನ್ನು ಆ ದಿನ ಕಲ್ಕತ್ತೆ ಕಂಡಿತು. ಅರ್ಜುನ ಪ್ರಶಸ್ತಿ ಹಬೀಬರಿಗೆ ಬಂದದ್ದೂ 1980ರಲ್ಲಿಯೇ. ಅದು ಹತ್ತು ವರ್ಷಗಳ ಹಿಂದೆಯೇ ಸಲ್ಲಬೇಕಾಗಿದ್ದ ಗೌರವವೆಂಬುದರಲ್ಲಿ ಸಂದೇಹವಿಲ್ಲ.

ಭಾರತದ ಪರವಾಗಿ ಹಬೀಬರು 1967ರಿಂದ ಸುಮಾರು ಒಂದು ದಶಕದ ಕಾಲ ಆಡಿದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಜಪಾನನ್ನು 1–0ರಿಂದ ಸೋಲಿಸಿ ಕಂಚಿನ ಪದಕ ಗಳಿಸಿದ ತಂಡದಲ್ಲಿ ಇವರಿದ್ದರು. ನಾಯಕತ್ವ ಹೈದರಾಬಾದಿನವರೇ ಆದ ನಯೀಮುದ್ದೀನರದು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಅದಾದ ಮೇಲೆ ಪದಕ ದೊರೆತಿಲ್ಲ. ಮರುವರ್ಷ ಸಿಂಗಪುರದ ಪೆಸ್ತಾ ಸುಕನ್ ಕಪ್ಪನ್ನು ಭಾರತ ದಕ್ಷಿಣ ವಿಯೆಟ್ನಾಮಿನೊಡನೆ ಹಂಚಿಕೊಂಡಿತು. ಒಲಿಂಪಿಕ್ಸ್ ಆಡುವ ಭಾಗ್ಯ ಮಾತ್ರ ಇವರಿಗೆ ಬರಲಿಲ್ಲ. 1960ರ ಅನಂತರ ಭಾರತವೇ ಅಲ್ಲಿಗೆ ಅರ್ಹತೆ ಪಡೆಯಲಿಲ್ಲ.

ಆಟ ಬಿಟ್ಟ ಮೇಲೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿಯೂ, ಅನಂತರ ಹಲ್ದಿಯಾದಲ್ಲಿ ಬಂಗಾಳದ ಕಾಲ್ಚೆಂಡು ಸಂಸ್ಥೆ ನಡೆಸಿದ ತರಬೇತಿ ಕೇಂದ್ರದಲ್ಲಿಯೂ ಹಬೀಬರು ಹುಡುಗರಿಗೆ ಶಿಕ್ಷಣ ಕೊಟ್ಟರು. ಹೈದರಾಬಾದಿನಿಂದ ಇವರ ಹಿಂದೆ ಬಂದ ಮುಂಪಂಕ್ತಿಯವರಲ್ಲಿ ಪ್ರಮುಖರು ಶಬ್ಬೀರ್ ಅಲಿ. 1974ರಲ್ಲಿ ಏಷ್ಯದ ಕಿರಿಯರ ಪಂದ್ಯಾವಳಿಯಲ್ಲಿ ಇರಾಣದೊಡನೆ ಜಂಟಿ ವಿಜೇತವಾದ ಭಾರತ ತಂಡದ ನಾಯಕರಾಗಿದ್ದು, ಬೊಂಬಾಯಿಯ ಟಾಟಾ ತಂಡದಿಂದ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಮತ್ತು ಮೊಹಮ್ಮಡನ್ ಸ್ಪೋರ್ಟಿಂಗ್‌ಗಳಲ್ಲಿ ಆಡಿದರು. ಅವರ ತರುವಾಯ ಆ ಝರಿ ಕ್ಷೀಣಿಸಿತು. ಶಾಲೆಯ ಬಯಲುಗಳು ಕಟ್ಟಡಗಳಾದದ್ದು, ಪೊಲೀಸ್ ತಂಡದ ಕಸುವು ಕುಗ್ಗಿದ್ದು, ಕ್ರಿಕೆಟ್ಟಿನ ಪ್ರಾಬಲ್ಯ ಇವೆಲ್ಲ ಕಾರಣಗಳೇ; ಎಲ್ಲಕ್ಕಿಂತ ದೊಡ್ಡದು, ರಹೀಮರಂತೆ ಬಾಲಕರಿಗಾಗಿ ಪಂದ್ಯಾವಳಿ ನಡೆಸುವ ಇನ್ನೊಬ್ಬ ಮೇಷ್ಟರು ಬಾರದಿದ್ದುದು.

2019ರಲ್ಲಿ ಹೈದರಾಬಾದ್ ಎಫ್.ಸಿ. ಎಂಬ ಹೊಸ ತಂಡ ಹುಟ್ಟಿ, 2022ರ ಮಾರ್ಚ್ 20ರಂದು ಗೋವೆಯಲ್ಲಿ ಕೇರಳ ಬ್ಲಾಸ್ಟರ್ಸನ್ನು ಪೆನಾಲ್ಟಿ ಹೊಡೆತಗಳಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗಿನ ಪದವಿಯನ್ನು ಗೆದ್ದಿತು. ಆ ತಂಡದ ಗೋಲುಗಾರ ನೈಜೀರಿಯದ ಬಾರ್ತಲೋಮ್ಯೂ ಓಗ್ಬೆಚೆ. ಪ್ಯಾರಿಸ್, ಸ್ಪೇನ್, ಇಂಗ್ಲೆಂಡ್, ಹಾಲೆಂಡುಗಳಲ್ಲಿ ಆಡಿ, ಭಾರತದಲ್ಲಿಯೇ ನಾಲ್ಕು ತಂಡಗಳಲ್ಲಿ ಆಡಿದ ಸಂಚಾರಿ. ಆ ವರ್ಷ ಹದಿನೆಂಟು ಗೋಲು ಹೊಡೆದು ಲೀಗಿನಲ್ಲಿ ಪ್ರಥಮರಾದರು. ಅದೇ ಸಾಲಿನಲ್ಲಿ ಲೀಗಿನ ಶ್ರೇಷ್ಠ ಆಟಗಾರನೆನಿಸಿದ ಸ್ಕಾಟ್ಲೆಂಡಿನ ಗ್ರೆಗ್ ಸ್ಟುವರ್ಟ್ ಜಮ್ಶೆಡ್‌ಪುರಕ್ಕೆ ಆಡಿದವರು. ಅಬರ್ಡೀನ್, ಕಿಲ್ಮಾರ್ನಾಕ್, ರೇಂಜರ್ಸ್ ಮೊದಲಾದ ಸಂಘಗಳನ್ನು ಹಾದು ಬಂದು, ಮುಂದೆ ಮುಂಬಯಿ ಸಿಟಿಗೂ ಮೋಹನ್ ಬಗಾನಿಗೂ ಹೋದರು. ಇಂದು ಇಂತಹ ಆಟಗಾರರನ್ನು ಯಾರೂ ದ್ರೋಹಿಗಳೆಂದು ಕರೆಯುವುದಿಲ್ಲ. ಒಪ್ಪಂದ, ಅವಧಿ ಎರಡೂ ಬಹಿರಂಗ. ಹಬೀಬರು ಅದೇ ಬಾಳನ್ನು ಬಾಳಿದ್ದು ಅದಕ್ಕೆ ಹೆಸರಿಲ್ಲದಿದ್ದ, ರಕ್ಷಣೆಯೂ ಇಲ್ಲದಿದ್ದ ಕಾಲದಲ್ಲಿ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ವ್ಯಾಧಿಯಿಂದಲೂ ಮರೆವಿನ ರೋಗದಿಂದಲೂ ನರಳಿ, ಹಬೀಬರು ಹೈದರಾಬಾದಿನಲ್ಲಿಯೇ ತೀರಿಕೊಂಡರು. ಅದಕ್ಕೆ ಆರು ತಿಂಗಳು ಹಿಂದೆ, ಫೆಬ್ರವರಿ 16ರಂದು, ಬಲರಾಮರು ಕಲ್ಕತ್ತೆಯಲ್ಲಿ ನಿಧನರಾಗಿದ್ದರು. ಅವರು ಆಟ ಮುಗಿದ ಮೇಲೆಯೂ ಬಂಗಾಳವನ್ನು ಬಿಟ್ಟುಬರಲಿಲ್ಲ. ಹೈದರಾಬಾದು ಹೆತ್ತ ಮುಂಪಂಕ್ತಿಯ ಆಟಗಾರರಲ್ಲಿ ಕಾಲಿನ ಕುಶಲತೆಗೆ ಬಲರಾಮರೇ ಮೊದಲಿಗರೆಂಬುದು ವಿವಾದವಿಲ್ಲದ ಮಾತು. ದೀರ್ಘಕಾಲದ ದುಡಿಮೆಗೆ, ಮೂರು ಸಂಘಗಳಲ್ಲಿಯೂ ಕುಂದದ ಆಟಕ್ಕೆ, ವೃತ್ತಿಯ ಘನತೆಗೆ ಸಲ್ಲಬೇಕಾದ ಮೊದಲ ಸ್ಥಾನ ಹಬೀಬರದು.